ಜೆರಿಕಾಳ ಇನ್ನೊಂದು ವರ್ಷ

"ಹೂವು ಯಾವ ಬಣ್ಣದ್ದಿರಲಿ, ಮಿಸ್ ವರ್ನೆಟ್? ಹಳದಿ ಗುಲಾಬಿನಾ, ಬಿಳೀದಾ?"

ಫೋನಿನ ಆ ಕಡೆಯ ಹುಡುಗಿಯ ದನಿ ಜೇನಿನಂತಿತ್ತು. ಬ್ರೆಂಟ್‌ವೆಲ್ ಕಾಲೇಜಿನ ಬ್ಯಾಸ್ಕೆಟ್‌ಬಾಲ್ ಆಫೀಸಿನಿಂದ ಮಾತಾಡುತ್ತಿದ್ದೇನೆ ಎಂದಿದ್ದಳು. ನನ್ನ ಒಂದು ಕೈಯಲ್ಲಿ ಕೂದಲು ನೆಟ್ಟಗೆ ಮಾಡುವ ಕಾದ ಬಾಚಣಿಗೆ, ಇನ್ನೊಂದು ಕೈಯಲ್ಲಿ ಮಿಸ್ ಒಡೆಸ್ಸಾ ಅವರ ಕೂದಲು, ಫೋನು ಭುಜಕ್ಕೂ ಕಿವಿಗೂ ನಡುವೆ ಸಿಕ್ಕಿಕೊಂಡಿತ್ತು. ಶುಕ್ರವಾರ ನನ್ನ ಅಂಗಡಿಯಲ್ಲಿ ಉಸಿರಾಡಲು ಪುರುಸೊತ್ತಿರುವುದಿಲ್ಲ. ಭಾನುವಾರದ ಚರ್ಚಿಗೆ ಊರಿನ ಅರ್ಧ ಹೆಂಗಸರ ತಲೆ ತಯಾರಾಗುವುದು ಇಲ್ಲೇ.

"ಯಾವ ಹೂವು ಕಂದಾ?" ಎಂದೆ.

"ಸೀನಿಯರ್ ಡೇಗೆ. ನಾಳೆ ಬಿಟ್ಟು ಮುಂದಿನ ಶನಿವಾರ. ಜೆರಿಕಾ ನಿಮ್ಮ ಕೈಗೆ ಕೊಡ್ತಾಳಲ್ಲ, ಅದು."

"ಹಳದಿ" ಎಂದೆ. ಏನೋ ಒಂದು ಹೇಳಬೇಕಿತ್ತು, ಹೇಳಿದೆ. ಅವಳು ಥ್ಯಾಂಕ್ಸ್ ಹೇಳಿ ಇಟ್ಟಳು.

"ಕಿವಿ! ಏ ವರ್ನೆಟ್, ನನ್ನ ಕಿವಿ ಕಣೇ! ಸುಟ್ಟು ಬಾರ್ಬೆಕ್ಯೂ ಮಾಡ್ತೀಯೇನೆ?" ಮಿಸ್ ಒಡೆಸ್ಸಾ ಕುರ್ಚಿಯಿಂದ ಅರ್ಧ ಎದ್ದರು. "ಯಾರದು ಫೋನು? ಯಾರಾದ್ರೂ ಹೋಗ್ಬಿಟ್ರಾ?"

ನಾನು ಬಾಚಣಿಗೆಯನ್ನು ಒಲೆಯ ಮೇಲಿಟ್ಟೆ. ಫೋನಿನಲ್ಲಿ ಕೇಳಿದ್ದನ್ನು ಅವರಿಗೆ ಹೇಳಿದೆ.

ಸೀನಿಯರ್ ಡೇ ಎಂದರೆ ಆ ವರ್ಷ ಕಾಲೇಜಿನ ಸ್ವಂತ ಅಂಗಳದಲ್ಲಿ ನಡೆಯುವ ಕೊನೆಯ ಆಟ. ಇನ್ನು ಆಡುವ ವರ್ಷ ಉಳಿದಿಲ್ಲದ ಹುಡುಗಿಯರನ್ನು ಒಬ್ಬೊಬ್ಬರನ್ನಾಗಿ ಹೆಸರು ಹಿಡಿದು ಕರೆಯುತ್ತಾರೆ. ಹುಡುಗಿ ತಾಯಿಯ ತೋಳು ಹಿಡಿದು ಅಂಗಳದ ನಡುವಿಗೆ ಬರುತ್ತಾಳೆ, ಹೂವು ಕೊಡುತ್ತಾಳೆ, ಫೋಟೋ ತೆಗೆಯುತ್ತಾರೆ, ಜನ ಎದ್ದು ನಿಂತು ಚಪ್ಪಾಳೆ ತಟ್ಟುತ್ತಾರೆ, ತಾಯಂದಿರು ಅಳುತ್ತಾರೆ. ಅಲ್ಲಿಗೆ ಮುಗಿಯಿತು. ನನ್ನ ಮಗಳು ಜೆರಿಕಾಗಂತೂ ಇನ್ನೊಂದು ವರ್ಷ ಬಾಕಿ ಇತ್ತು. ನಾನು ಹಾಗೆಂದೇ ತಿಳಿದಿದ್ದೆ.

ಮಿಸ್ ಒಡೆಸ್ಸಾ ಜೀವನವಿಡೀ ಮನೆ ಮನೆಗೆ ಟಪಾಲು ಹಂಚಿದವರು. ನಿವೃತ್ತಿಯಾದ ಮೇಲೆ ಅವರಿಗಿರುವುದು ಎರಡೇ ಕೆಲಸ, ಚರ್ಚು ಮತ್ತು ಬ್ಯಾಸ್ಕೆಟ್‌ಬಾಲ್. ಮೊಮ್ಮಗಳು ಕೆಜಾಯಾ ಹೈಸ್ಕೂಲಿನ ಕೊನೆಯ ವರ್ಷದಲ್ಲಿ ಆಡುತ್ತಾಳೆ. ಹಾಗಾಗಿ ಕಾಲೇಜಿನ ನಿಯಮಗಳೆಲ್ಲ ಅಜ್ಜಿಗೆ ಬಾಯಿಪಾಠ, ಅಥವಾ ಅವರು ಹಾಗೆ ಅಂದುಕೊಂಡಿದ್ದಾರೆ.

"ಎಣಿಸು" ಎಂದರು. "ಐದು ವರ್ಷದೊಳಗೆ ನಾಲ್ಕು ಸೀಸನ್ ಆಡಬಹುದು. ಇಲ್ಲಿಗೆ ಬರೋ ಮುಂಚೆ ಟೆನೆಸಿ ಕಾಲೇಜಲ್ಲಿ ಮೊದಲನೇ ವರ್ಷ ಪೂರ್ತಿ ಆಡಿದ್ಲು. ಎರಡನೇ ವರ್ಷ?"

"ಮೊಣಕಾಲು ಹೋಯ್ತಲ್ಲ ಮಿಸ್ ಒಡೆಸ್ಸಾ. ನಾಲ್ಕೈದು ಆಟ ಆಡಿದ್ಲು, ಅಷ್ಟೆ. ಆ ವರ್ಷ ಲೆಕ್ಕಕ್ಕೆ ಬರಲ್ಲ ಅಂದಿದ್ರು."

"ಯಾರು ಅಂದಿದ್ರು?"

ಯಾರು? ಬ್ರೆಂಟ್‌ವೆಲ್‌ಗೆ ಬಾ ಎಂದು ಕರೆಯಲು ಬಂದಿದ್ದ ಸಹಾಯಕ ಕೋಚ್. ನನ್ನ ಅಡುಗೆಮನೆಯಲ್ಲಿ ಕೂತು, ನಾನು ಕರಿದ ಮೀನನ್ನು ಮೂರು ಸಲ ಹಾಕಿಸಿಕೊಂಡು ತಿಂದು, 'ಚಿಂತೆ ಬೇಡ ಅಮ್ಮ, ಆ ವರ್ಷ ವಾಪಸ್ ಸಿಗುತ್ತೆ, ಇವಳಿಗೆ ನಮ್ಮಲ್ಲಿ ಮೂರು ವರ್ಷ' ಎಂದಿದ್ದ. ಅವನು ಈಗ ಟೆಕ್ಸಾಸಿನ ಯಾವುದೋ ದೊಡ್ಡ ಕಾಲೇಜಿನಲ್ಲಿದ್ದಾನೆ. ಅದನ್ನೇ ಹೇಳಿದೆ.

"ನೋಡ್ದಾ?" ಮಿಸ್ ಒಡೆಸ್ಸಾ ತೊಡೆ ತಟ್ಟಿಕೊಂಡರು. "ಆ ವರ್ಷ ತಾನಾಗೇ ಬಿಟ್ಟುಹೋಗಲ್ಲ ಕಣೇ. ಕೇಳ್ಕೊಬೇಕು, ಡಾಕ್ಟ್ರು ಕಾಗದ ಕೊಡಬೇಕು, ಮೇಲೆ ಕ್ರೀಡಾ ಮಂಡಳಿಯೋರು ಹೂಂ ಅನ್ನಬೇಕು. ಅನ್ನದಿದ್ರೆ ನಾಲ್ಕೂ ಮುಗೀತು. ಅಥವಾ..."

"ಅಥವಾ ಏನು?"

"ಅಥವಾ ಕೋಚಮ್ಮಂಗೆ ಇವಳು ಬೇಡ. ಹೂವು ಕೊಟ್ಟು ಮರ್ಯಾದೆಯಾಗಿ ಬಾಗಿಲು ತೋರಿಸ್ತಿದ್ದಾಳೆ. ಈಗೆಲ್ಲ ಹಾಗೇ ಅಲ್ವಾ? ಸೀಸನ್ ಮುಗಿದ ಕೂಡ್ಲೇ ಕಾಲೇಜು ಬದಲಾಯಿಸೋರು ಹೆಸರು ಹಾಕೋ ಆ ಪೋರ್ಟಲ್ಲು ತೆರೀತಾರೆ. ಇಡೀ ದೇಶದ ಹುಡುಗೀರು ಸಂತೇಲಿ ನಿಂತಂಗೆ ನಿಂತಿರ್ತಾರೆ. ನಂಗೆ ಎತ್ತರದೋಳು ಬೇಕು, ನಂಗೆ ದೂರದಿಂದ ಎಸೆಯೋಳು ಬೇಕು. ನಮ್ಮ ಕೆಜಾಯಾ ಅಂಥ ಮಕ್ಕಳನ್ನ ಯಾರು ಕೇಳ್ತಾರೆ? ಒಂದು ಫೋನಿಲ್ಲ, ಒಂದು ಮೆಸೇಜಿಲ್ಲ. ಹದಿನೇಳರ ಹುಡುಗಿ ಯಾಕೆ, ಇಪ್ಪತ್ಮೂರರ ಹೆಂಗಸೇ ಸಿಗೋವಾಗ!"

"ನನ್ನ ಮಗಳಿಗೆ ಇಪ್ಪತ್ತೆರಡು."

"ನಿನ್ನ ಮಗಳನ್ನ ಅಂದಿಲ್ಲ ತಾಯಿ. ಸುಮ್ನೆ ಅಂದೆ."

ಅವರು ಸುಮ್ಮನೆ ಅನ್ನುವವರಲ್ಲ. ಆದರೆ ಆಗ ನನಗೆ ಜಗಳ ಬೇಕಿರಲಿಲ್ಲ.

ನನ್ನ ಭಯ ಆಟದ್ದಲ್ಲ. ಆಟ ಯಾವತ್ತಾದರೂ ನಿಲ್ಲಲೇಬೇಕು, ನನಗೂ ಗೊತ್ತು. ಭಯ ಓದಿನದು. ಜೆರಿಕಾ ಗಣಿತದ ಟೀಚರ್ ಆಗಲು ಓದುತ್ತಿದ್ದಾಳೆ. ಟೆನೆಸಿಯಿಂದ ಇಲ್ಲಿಗೆ ಬಂದಾಗ ಅಲ್ಲಿ ಪಾಸಾದ ವಿಷಯಗಳಲ್ಲಿ ಅರ್ಧವನ್ನು ಇವರು ಒಪ್ಪಲಿಲ್ಲ. ಮತ್ತೆ ಮೊದಲಿನಿಂದ ಬರೆದಳು. ಡಿಗ್ರಿ ಕೈಗೆ ಬರಬೇಕಾದರೆ ಇನ್ನೊಂದು ವರ್ಷ ಓದಬೇಕು. ಆ ಒಂದು ವರ್ಷ ಆಡಿದರೆ ಕಾಲೇಜೇ ಫೀಸು ಕಟ್ಟಿ ಓದಿಸುತ್ತದೆ, ಆಡದಿದ್ದರೆ ಇಲ್ಲ. ಬೇರೆ ಕಾಲೇಜಿಗೆ ಹಾರಿದರೆ ಅವರೂ ಅರ್ಧ ಒಪ್ಪುವುದಿಲ್ಲ. ಮಗಳು ಓದುತ್ತಲೇ ಇರುತ್ತಾಳೆ, ಮುಗಿಯುವುದೇ ಇಲ್ಲ. ನಾನೂ ಹಾಗೇ, ಎರಡು ವರ್ಷ ಓದಿ ಇನ್ನೇನು ಎನ್ನುವಾಗ ಬಿಟ್ಟವಳು. ಆಮೇಲೆ ಕಲಿತದ್ದೆಲ್ಲ ಈ ಅಂಗಡಿಯ ಕುರ್ಚಿಯಲ್ಲಿ ಕೂತವರ ಬಾಯಿಂದ.

ಆ ರಾತ್ರಿ ಮಗಳಿಗೆ ಫೋನು ಮಾಡಲಿಲ್ಲ. ಏನೆಂದು ಕೇಳಲಿ? ಅವಳಿಗೇ ಗೊತ್ತಿಲ್ಲದಿದ್ದರೆ? ಆಟದ ವಾರದಲ್ಲಿ ನಾನೇ ಹೋಗಿ ಮಗುವಿನ ಎದೆಗೆ ಕಲ್ಲು ಹಾಕಿದಂತೆ. ಗೊತ್ತಿದ್ದರೆ? ಗೊತ್ತಿದ್ದೂ ನನಗೆ ಹೇಳಿಲ್ಲ ಎಂದಾದರೆ? ಅದು ಇನ್ನೂ ದೊಡ್ಡ ಕಲ್ಲು. ಶನಿವಾರ ಇಡೀ ದಿನ ಫೋನನ್ನು ಏಪ್ರನ್ನಿನ ಜೇಬಿನಲ್ಲಿಟ್ಟುಕೊಂಡು ಓಡಾಡಿದೆ. ಅದು ಗುಂಯ್‌ಗುಟ್ಟಿದಾಗಲೆಲ್ಲ ತೆಗೆದು ಹೆಸರು ನೋಡಿ ಮತ್ತೆ ಜೇಬಿಗೆ ಹಾಕಿದೆ.

ಭಾನುವಾರ ಚರ್ಚಿನಿಂದ ಬಂದು ಬೂಟು ಬಿಚ್ಚುವಾಗ ಅವಳೇ ಮಾಡಿದಳು.

"ತಿಂದ್ಯೇನೇ?" ಎಂದೆ.

"ಹೂಂ ಅಮ್ಮ."

"ಏನು?"

"ಚಿಕನ್."

"ಮೊನ್ನೆನೂ ಚಿಕನ್ನೇ ಅಂದಿದ್ದೆ."

"ಇಲ್ಲಿ ದಿನಾ ಚಿಕನ್ನೇ ಅಮ್ಮ. ಇನ್ನು ಸ್ವಲ್ಪ ದಿನ ಹೋದ್ರೆ ಪುಕ್ಕ ಬರುತ್ತೆ ನಂಗೆ."

ಇಬ್ಬರೂ ನಕ್ಕೆವು. ನಗು ಬೇಗ ಮುಗಿದುಹೋಯಿತು. ಅವಳ ಹಿಂದೆ ಯಾರೋ ಚೆಂಡು ಬಡಿಯುತ್ತಿದ್ದ ಸದ್ದು ಬರುತ್ತಿತ್ತು. ಈಗ ಹೇಳುತ್ತಾಳೆ, ಈಗ ಹೇಳುತ್ತಾಳೆ ಎಂದು ನಾನು ಕಾದೆ. ನಾನು ಕೇಳುತ್ತೇನೆಂದು ಅವಳೂ ಕಾಯುತ್ತಿದ್ದಳೇನೋ.

"ಶನಿವಾರ ಬರ್ತೀಯಲ್ಲ?"

"ಬರ್ದೇ ಇರ್ತೀನಾ?"

"ಆ ನೀಲಿ ಡ್ರೆಸ್ ಹಾಕ್ಕೊಂಡ್ ಬಾ ಅಮ್ಮ. ಈಸ್ಟರ್‌ದು."

ನನ್ನ ಮಗಳು ಹುಟ್ಟಿದಂದಿನಿಂದ ನಾನು ಏನು ಉಡುತ್ತೇನೆಂದು ನೋಡಿದವಳಲ್ಲ. ಆಟಕ್ಕೆ ನಾನು ಅಂಗಡಿಯ ಏಪ್ರನ್ನಿನಲ್ಲೇ ಹೋದದ್ದುಂಟು. ಫೋನು ಇಟ್ಟ ಮೇಲೆ ಒಂದು ಕಾಲಿನ ಬೂಟು ಕೈಯಲ್ಲಿ ಹಿಡಿದುಕೊಂಡು ಎಷ್ಟು ಹೊತ್ತು ಕೂತಿದ್ದೆನೋ. ಅವಳಿಗೆ ಗೊತ್ತಿದೆ. ಮಗುವಿಗೆ ಗೊತ್ತಿದೆ.

ಆ ವಾರ ನನ್ನ ಕೈಯಲ್ಲಿ ಒಂದು ಕೆಲಸವೂ ನೆಟ್ಟಗಾಗಲಿಲ್ಲ. ಒಬ್ಬರ ಜಡೆ ಬಿಚ್ಚಿ ಮತ್ತೆ ಹೆಣೆದೆ. ಇನ್ನೊಬ್ಬರನ್ನು ಡ್ರೈಯರಿನ ಕೆಳಗೆ ಕೂರಿಸಿ ಮರೆತೇಬಿಟ್ಟೆ. ಅವರು ಪಾಪ ನಿದ್ದೆ ಹೋಗಿದ್ದರು, ಹಾಗಾಗಿ ಬೈಗುಳ ತಪ್ಪಿತು. ಬ್ರೆಂಟ್‌ವೆಲ್ ತಂಡದ ಹುಡುಗಿಯರ ಫೋಟೋಗಳನ್ನು ಫೋನಿನಲ್ಲಿ ತೆರೆದು ತೆರೆದು ನೋಡಿದೆ. ಹೋದ ವರ್ಷ ನನ್ನ ಮಗಳ ಜೊತೆ ನಿಂತಿದ್ದವರಲ್ಲಿ ಈಗ ಇಬ್ಬರೇ ಉಳಿದಿದ್ದಾರೆ. ಆಗ ಕ್ರಿಸ್ಮಸ್ಸಿಗೆ ನನ್ನ ಮನೆಯ ಸೋಫಾದ ಮೇಲೆ ಮಲಗಿ, ನನ್ನ ಸಿಹಿಗೆಣಸಿನ ಕಡುಬಿಗೆ ಬೆರಳು ಚೀಪಿದ ಹುಡುಗಿ ಈಗ ಎದುರು ತಂಡದಲ್ಲಿ ಆಡುತ್ತಾಳೆ. ಪ್ರತಿ ನವೆಂಬರಿಗೂ ಹೊಸ ಹೆಸರುಗಳನ್ನು ಕಲಿಯುತ್ತೇನೆ. ಬಂದವರೆಲ್ಲ ಯಾರದೋ ಜಾಗಕ್ಕೆ ಬಂದವರೇ ಎಂಬುದು ಆವರೆಗೆ ನನ್ನ ತಲೆಗೆ ಬಂದಿರಲಿಲ್ಲ. ಜೆರಿಕಾ ಬಂದಾಗ ಯಾರ ತಾಯಿ ಬೂಟು ಹಿಡಿದುಕೊಂಡು ಕೂತಿದ್ದಳೋ.

ಶನಿವಾರ ಬೆಳಿಗ್ಗೆ ಮಿಸ್ ಒಡೆಸ್ಸಾ ಕಾರಿನ ಪಕ್ಕ ಬಂದು ನಿಂತಿದ್ದರು. ಟೋಪಿ, ಕೈಚೀಲ, ಕೂರುವುದಕ್ಕೆ ಮೆತ್ತೆ.

"ಒಬ್ಳೇ ಓಡಿಸ್ಕೊಂಡು ಹೋಗಿ ಹಳ್ಳಕ್ಕೆ ಬೀಳ್ತೀಯ. ನಾನೂ ಬರ್ತೀನಿ" ಎಂದರು. ದಾರಿಯುದ್ದಕ್ಕೂ ಮಾತಾಡಿದರು. ನಾನು ಹೂಂ ಎಂದೆ. ನದಿಯ ಸೇತುವೆ ದಾಟುವಾಗ ಮಾತ್ರ ಅವರು ದನಿ ತಗ್ಗಿಸಿ, "ವರ್ನೆಟ್, ಆ ಹೂವು ತಗೋಬೇಡ" ಎಂದರು. "ತಗೊಂಡ್ರೆ ಒಪ್ಕೊಂಡಂಗೆ. ಅಂಗಳದ ನಡುವೆ, ಎಲ್ಲರೆದುರಿಗೆ. ಆಮೇಲೆ ಯಾವ ಬಾಯಲ್ಲಿ ಇನ್ನೊಂದು ವರ್ಷ ಕೇಳ್ತೀಯ?"

ಆ ಮಾತು ನನ್ನೊಳಗೆ ಇಳಿದು ಕೂತುಬಿಟ್ಟಿತು.

ಆಟಕ್ಕೆ ಇನ್ನೂ ಹೊತ್ತಿತ್ತು. ಜಿಮ್ಮಿನ ಹಿಂದಿನ ಓಣಿಯಲ್ಲಿ ಕೋಚ್ ಹಾಲ್ಸೆಲ್ ಸಿಕ್ಕರು. ಅಯೋವಾದ ಹೊಲದ ಮನೆಯಲ್ಲಿ ಬೆಳೆದ ಹೆಂಗಸು. ಉದ್ದಕ್ಕೆ, ಒಣಗಿದ ಜೋಳದ ದಂಟಿನಂತಿದ್ದಾರೆ, ಮಾತು ಕಡಿಮೆ, ನನ್ನನ್ನು ಕರೆಯುವುದೂ ಮನೆತನದ ಹೆಸರಿನಲ್ಲೇ. ನಾನು ನಮಸ್ಕಾರವನ್ನೂ ಹೇಳಲಿಲ್ಲ.

"ಕೋಚ್, ನನ್ನ ಮಗಳನ್ನ ಕಳಿಸ್ತಿದ್ದೀರಾ?"

ಅವರು ಸುತ್ತ ನೋಡಿದರು. ಗೋಡೆಗೆ ಒರಗಿ ನಿಂತರು. "ಇಲ್ಲ ಮಿಸೆಸ್ ಟಾಲಿವರ್. ಆದ್ರೆ ಇಟ್ಕೊಳ್ತೀನಿ ಅಂತಲೂ ಹೇಳೋಕಾಗ್ತಿಲ್ಲ."

"ಅಂದ್ರೆ?"

"ಆ ಮೊಣಕಾಲಿನ ವರ್ಷ. ಟೆನೆಸಿಯೋರು ಆಗಲೇ ಕೇಳ್ಬೇಕಿತ್ತು, ಕೇಳಿಲ್ಲ. ಅಲ್ಲಿನ ಕೋಚ್ ಬಿಟ್ಟುಹೋದ್ರು, ಡಾಕ್ಟ್ರೂ ಬದಲಾದ್ರು. ಇಲ್ಲಿ ನಮ್ಮೋರು ಅದಾಗ್ಲೇ ಆಗಿದೆ ಅಂದ್ಕೊಂಡ್ರು. ಈ ಚಳಿಗಾಲದಲ್ಲಿ ಗೊತ್ತಾಯ್ತು. ಕೇಳಿದ್ದೀವಿ. ಉತ್ತರ ಬಂದಿಲ್ಲ."

"ಉತ್ತರ ಬಂದಿಲ್ಲ ಅಂದ್ಮೇಲೆ ಹೂವು ಯಾಕೆ?"

ಕೋಚ್ ತಮ್ಮ ಬೂಟಿನ ತುದಿ ನೋಡಿಕೊಂಡರು. "ಎರಡು ವರ್ಷದ ಹಿಂದೆ ಒಬ್ಬಳಿದ್ಲು. ಅವಳದ್ದೂ ಹೀಗೇ. ಉತ್ತರ ಬರುತ್ತೆ, ಬರುತ್ತೆ ಅಂತ ಕಾದು ಸೀನಿಯರ್ ಡೇ ಮಾಡ್ಲಿಲ್ಲ. ಜೂನಲ್ಲಿ ಇಲ್ಲ ಅಂತ ಬಂತು. ಯಾರೂ ಇಲ್ಲದ ಜಿಮ್ಮಿಂದ ಒಂದು ಬ್ಯಾಗ್ ಹೆಗಲಿಗೆ ಹಾಕ್ಕೊಂಡು ಹೋದ್ಲು. ಅವಳ ತಾಯಿ ಇವತ್ತಿಗೂ ನನ್ನ ಫೋನ್ ಎತ್ತಲ್ಲ. ಜೆರಿಕಾಗೆ ಹಾಗಾಗೋದು ಬೇಡ ಅಂತ."

ನನಗೆ ಸಿಟ್ಟು ಬರಬೇಕಿತ್ತು, ಬರಲಿಲ್ಲ.

"ಒಂದು ಜಾಗ ಇಟ್ಕೊಂಡು ಕಾಯ್ತೀರಾ?" ಎಂದೆ.

"ಏಪ್ರಿಲ್ ಮಧ್ಯದವರೆಗೆ. ಅದಾದ್ಮೇಲೆ ಒಳ್ಳೇ ಆಟಗಾರ್ತೀರು ಒಬ್ರೂ ಉಳಿದಿರಲ್ಲ. ಇವಳಿಗೆ ಅಂತ ಕಾದು ಇವಳೂ ಸಿಗದಿದ್ರೆ ನಂಗೆ ಒಬ್ಳು ಕಮ್ಮಿ. ಕಾಯದೇ ಬೇರೆಯೋಳಿಗೆ ಮಾತು ಕೊಟ್ಟು, ಆಮೇಲೆ ಇವಳಿಗೆ ಹೂಂ ಅಂತ ಬಂದ್ರೆ ಒಬ್ಳು ಜಾಸ್ತಿ. ಸೋತ್ರೆ ನನ್ನೂ ಇಲ್ಲಿಂದ ಕಳಿಸ್ತಾರೆ ಮಿಸೆಸ್ ಟಾಲಿವರ್. ಸುಳ್ಳು ಹೇಳಲ್ಲ ನಿಮ್ಗೆ."

"ಅವಳಿಗೆ ಇದೆಲ್ಲ ಗೊತ್ತಾ?"

"ಹೊಸ ವರ್ಷದಿಂದ ಗೊತ್ತು. ನಿಮಗೆ ಹೇಳಬೇಡಿ ಅಂದಿದ್ಲು."

ಹೊಸ ವರ್ಷದಿಂದ. ಅಷ್ಟು ದಿನ ಆ ಮಗು ನನಗೆ ಚಿಕನ್ನಿನ ಕಥೆ ಹೇಳಿಕೊಂಡು, ಪುಕ್ಕ ಬರುತ್ತದೆ ಎಂದು ನಗಿಸಿಕೊಂಡು, ಒಬ್ಬಳೇ ಇದನ್ನು ಹೊತ್ತುಕೊಂಡು ತಿರುಗಿದ್ದಾಳೆ.

ಅಂಗಳಕ್ಕೆ ಹೋಗುವ ಬಾಗಿಲ ಬಳಿ ಜೆರಿಕಾ ನಿಂತಿದ್ದಳು. ಎತ್ತರದ ಹುಡುಗಿ, ಮೊಣಕಾಲಿಗೆ ಕಪ್ಪು ಪಟ್ಟಿ, ಕೈಯಲ್ಲಿ ಹಳದಿ ಗುಲಾಬಿ. ಅವಳ ಮುಂದೆ ಇನ್ನಿಬ್ಬರು ಹುಡುಗಿಯರು ತಮ್ಮ ತಾಯಂದಿರ ಜೊತೆ ಸಾಲಾಗಿ ನಿಂತಿದ್ದರು. ಒಳಗೆ ಬ್ಯಾಂಡು ಬಾರಿಸುತ್ತಿತ್ತು. ಅವಳು ನನ್ನ ಮುಖ ನೋಡಿದ ಕೂಡಲೇ ಎಲ್ಲ ತಿಳಿದುಕೊಂಡಳು.

"ಕೋಚ್ ಹೇಳಿದ್ರಾ?"

"ಹೂಂ."

"ಸಿಟ್ಟಾ?"

"ಸಿಟ್ಟಲ್ಲ ಕಣೇ. ಹೆದರಿಕೆ."

"ನಂಗೂ" ಎಂದಳು. ಅವಳ ಕೈ ಹಿಡಿದರೆ ಹಿಮದ ಗಡ್ಡೆಯಂತಿತ್ತು.

"ನಾವು ಹೋಗೋದು ಬೇಡ ಮಗಾ. ನಿಂಗೆ ಇನ್ನೊಂದು ವರ್ಷ ಇದೆ. ಇಲ್ಲಿ ಹೂವು ತಗೊಂಡ್ರೆ ಮುಗೀತು ಅಂತ ನಾವೇ ಒಪ್ಕೊಂಡಂಗೆ."

"ಇದನ್ನ ಮಿಸ್ ಒಡೆಸ್ಸಾ ಹೇಳಿದ್ದಲ್ವಾ?"

ನಾನು ಅವಳ ಕಿವಿಯ ಹಿಂದಿನ ಕೂದಲು ಸರಿಮಾಡಿದೆ.

"ಅಮ್ಮ, ಮೇಲೆ ಕೂತಿರೋರು ನನ್ನ ಮೊಣಕಾಲು ನೋಡಿ ತೀರ್ಮಾನ ಮಾಡ್ತಾರೆ, ನಿನ್ನ ಹೂವು ನೋಡಿ ಅಲ್ಲ. ಟೆನೆಸಿಲಿ ನಾನು ಬಿದ್ದಾಗ ಜಿಮ್ಮು ಖಾಲಿ ಇತ್ತು. ಪ್ರಾಕ್ಟೀಸಲ್ಲಿ ಬಿದ್ದಿದ್ದು. ಕಿರುಚಿದ್ದು ನಂಗೇ ವಾಪಸ್ ಕೇಳ್ತು. ಇದೇ ಕೊನೇದಾಗಿದ್ರೆ ಯಾರಾದ್ರೂ ನೋಡ್ಲಿ. ಕೊನೇದಲ್ಲದಿದ್ರೆ ಮುಂದಿನ ವರ್ಷ ಇನ್ನೊಂದ್ಸಲ ಬಾ. ಎರಡು ಸಲ ಅಳು. ನಿಂಗೇನು ಕಷ್ಟ?"

ಒಳಗೆ ಮೊದಲ ಹೆಸರು ಕರೆದರು. ಆಮೇಲೆ ಎರಡನೆಯದು. ಆಮೇಲೆ ನಮ್ಮದು. ಜೆರಿಕಾ ತೋಳು ಚಾಚಿದಳು. ನನ್ನ ಕಾಲು ನೆಲಕ್ಕೆ ಅಂಟಿಕೊಂಡಿತ್ತು. ಅವಳು ಎಳೆಯಲಿಲ್ಲ, ಕಾದಳು. ಆ ಕಾಯುವುದನ್ನು ನೋಡಲಾಗದೆ ನಾನು ನಡೆದೆ. ಆ ದೀಪಗಳು, ಆ ಸದ್ದು! ಜನ ಎದ್ದು ನಿಂತಿದ್ದರು. ಫೋಟೋದವನು ನಗಿ ನಗಿ ಎಂದ. ನಕ್ಕೆನೋ ಇಲ್ಲವೋ ಗೊತ್ತಿಲ್ಲ.

ಆಟ ಶುರುವಾದ ಮೇಲೆ ನಾನು ಮಿಸ್ ಒಡೆಸ್ಸಾ ಪಕ್ಕದಲ್ಲಿ ಕೂತೆ. ಅವರು ನನ್ನ ಮಡಿಲಿನ ಹೂವನ್ನು ನೋಡಿ ತಮ್ಮ ಮೆತ್ತೆ ಸರಿಮಾಡಿಕೊಂಡರು. ಜೆರಿಕಾ ಹಾರಿದಾಗಲೆಲ್ಲ ನಾನು ಮೊಣಕಾಲನ್ನೇ ನೋಡುತ್ತಿದ್ದೆ. ಚೆಂಡು ಎಲ್ಲಿ ಹೋಯಿತೋ, ಯಾರು ಹಾಕಿದರೋ, ಜನ ಕೂಗಿದಾಗಲೇ ತಿಳಿಯುತ್ತಿದ್ದದ್ದು. ನಮ್ಮವರು ಮುಂದಿದ್ದರು. ಬಿಡುವಿನ ವೇಳೆಯಲ್ಲಿ ಮಿಸ್ ಒಡೆಸ್ಸಾ ಕೈಚೀಲದಿಂದ ಮಡಚಿದ ಸ್ಯಾಂಡ್‌ವಿಚ್ ತೆಗೆದು ಅರ್ಧ ನನಗೆ ಕೊಟ್ಟರು. ಅದನ್ನು ಹೂವಿನ ಪಕ್ಕ ಮಡಿಲಲ್ಲೇ ಇಟ್ಟುಕೊಂಡೆ.

ಆಟ ಮುಗಿಯುತ್ತಾ ಬಂದಾಗ ಅವರು ಮೆಲ್ಲಗೆ, "ಕೆಜಾಯಾನ ಆಟ ನೋಡಿ ಅಂತ ಈ ಕೋಚಮ್ಮಂಗೇ ಕಾಗದ ಬರೆದಿದ್ದೆ ಕಣೇ" ಎಂದರು. "ಜನವರೀಲಿ. ಜಾಗ ಖಾಲಿಯಾದ್ರೆ ನೋಡೋಣ ಅಂದಿದ್ದಾಳೆ."

ನಾನು ತಿರುಗಿ ನೋಡಿದೆ. ಅವರು ನನ್ನ ಕಡೆ ನೋಡದೆ, ಪ್ರಾರ್ಥನೆಗೆ ಕೂತಂತೆ ಕೈ ಜೋಡಿಸಿದ್ದರು.

"ಹಾಗಾದ್ರೆ ಈಗ ಯಾರಿಗೋಸ್ಕರ ಬೇಡ್ಕೊಳ್ತಿದ್ದೀರಿ ಮಿಸ್ ಒಡೆಸ್ಸಾ?"

"ಕೇಳಬೇಡ ವರ್ನೆಟ್" ಎಂದರು. "ಹೂವು ತಗೋಬೇಡ ಅಂತ ಹೇಳಿದ್ದು ನಾನೇ ತಾನೆ? ಬಾಯಿ ಮುಚ್ಕೊಂಡು ಆಟ ನೋಡು."

ಕೊನೆಯ ನಿಮಿಷ ಬಂದಿತ್ತು. ಗೆಲುವು ಖಚಿತವಾದರೆ ಹೊರಡುವ ಹುಡುಗಿಯರನ್ನು ಆಗ ಒಬ್ಬೊಬ್ಬರನ್ನಾಗಿ ಹೊರಗೆ ಕರೆಯುವುದು ರೂಢಿ. ಅವರೊಬ್ಬರಿಗಾಗಿಯೇ ಚಪ್ಪಾಳೆ ಬೀಳಲಿ ಎಂದು. ಮೊದಲನೆಯವಳು ಬಗ್ಗಿ ನೆಲಕ್ಕೆ ಮುತ್ತಿಟ್ಟು ಹೋಗಿ ಕೋಚನ್ನು ಅಪ್ಪಿಕೊಂಡಳು. ಎರಡನೆಯವಳು ಮುಖ ಮುಚ್ಚಿಕೊಂಡು ಓಡಿದಳು. ಆಮೇಲೆ ಬೆಂಚಿನಿಂದ ಇನ್ನೊಬ್ಬ ಹುಡುಗಿ ಎದ್ದು, ಮೇಲಂಗಿ ಕಳಚಿ, ಜೆರಿಕಾಳ ಜಾಗಕ್ಕೆ ಇಳಿಯಲು ಅಂಕ ಬರೆಯುವವರ ಮೇಜಿನ ಮುಂದೆ ಮಂಡಿಯೂರಿ ಕೂತಳು. ಚೆಂಡು ಗೆರೆ ದಾಟಿತು, ಸೀಟಿ ಕೇಳಿತು. ಜನ ಆಗಲೇ ಎದ್ದು ನಿಂತಿದ್ದರು. ನನಗೆ ಏಳಲಾಗಲಿಲ್ಲ.

ಜೆರಿಕಾ ಆ ತುದಿಯಲ್ಲಿ ಸೊಂಟದ ಮೇಲೆ ಕೈಯಿಟ್ಟುಕೊಂಡು ನಿಂತಿದ್ದಳು. ಮೇಜಿನ ಮುಂದಿನ ಹುಡುಗಿಯನ್ನು ನೋಡಿದಳು. ಕೋಚನ್ನು ನೋಡಿದಳು. ತಲೆಯಾಡಿಸಿದಳು, ಇಲ್ಲ ಎಂದು. ಒಂದೇ ಸಲ. ಚಪ್ಪಾಳೆ ಅಲ್ಲಲ್ಲಿ ನಿಂತು, ಗುಜುಗುಜು ಶುರುವಾಯಿತು. ರೆಫರಿ ಒಳಗೆ ಬಾ ಎಂದು ಕರೆಯಲು ಕೈ ಎತ್ತಬೇಕಿದ್ದವನು ಕೋಚ್ ಕಡೆ ತಿರುಗಿದ. ಕೋಚ್ ಹಾಲ್ಸೆಲ್ ಕೈಕಟ್ಟಿಕೊಂಡು ನಿಂತೇ ಇದ್ದರು. ಮಿಸ್ ಒಡೆಸ್ಸಾ ನನ್ನ ಮಣಿಕಟ್ಟನ್ನು ಹಿಡಿದುಕೊಂಡಿದ್ದರು, ಉಗುರು ಊರುವ ಹಾಗೆ.

ಕೋಚ್ ಎರಡು ಬೆರಳೆತ್ತಿ ಆ ಹುಡುಗಿಯನ್ನು ವಾಪಸ್ ಕರೆದರು. ಅವಳು ಕಳಚಿದ್ದ ಮೇಲಂಗಿಯನ್ನು ಮತ್ತೆ ತಲೆಯ ಮೇಲಿಂದ ಎಳೆದು ಹಾಕಿಕೊಂಡು, ಬೆಂಚಿನ ತುದಿಗೆ ಹೋಗಿ ಕೂತಳು.